ಕೂಗದ ತೂಕ ತೂಕವಲ್ಲ

ಬ್ಲೂಟೂತ್ ಎಂದರೆ ಒಂದು ಬಟನ್ ಒತ್ತುವ ಕೆಲಸ ಎಂದುಕೊಂಡವರು ಪಿಕ್ಕಿಂಗ್ ಕಾಲದಲ್ಲಿ ಒಂದು ಸಂಜೆ ನಮ್ಮ ಎಸ್ಟೇಟಿನ ಕಣಕ್ಕೆ ಬಂದು ನಿಲ್ಲಬೇಕಿತ್ತು. ಸಾಲಾಗಿ ಕಾಫಿ ಹಣ್ಣಿನ ಚೀಲಗಳು, ಚೀಲದ ಹಿಂದೆ ದಣಿದ ಜನ, ಜನರ ಮುಂದೆ ತಕ್ಕಡಿ, ತಕ್ಕಡಿಯ ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದ ನಾನು. ಪರದೆಯ ಮೇಲೆ ಆ ಸಣ್ಣ ಚಕ್ರ ತಿರುಗುತ್ತಲೇ ಇರುತ್ತಿತ್ತು. ಅದನ್ನು ನೋಡುತ್ತ ನಾನು ಕರೆದಷ್ಟು ದೇವರನ್ನು ತಲಕಾವೇರಿಗೆ ಹೋದವರೂ ಕರೆದಿರಲಿಕ್ಕಿಲ್ಲ.

ಕೊಡಗಿನ ಬಾಳೆಲೆ ಊರಿನ ಹತ್ತಿರದ ಒಂದು ಕಾಫಿ ಎಸ್ಟೇಟಿನ ಆಫೀಸಿನಲ್ಲಿ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ಸುತ್ತಮುತ್ತಲಿನ ಆಫೀಸುಗಳಿಗೆ ಹೊಸದಾಗಿ ಸೇರಿದವರು ಇಂದಿಗೂ ಫೋನ್ ಮಾಡುತ್ತಾರೆ. "ಮೇಡಂ, ಪ್ರಿಂಟರ್ ಕಾಣಿಸ್ತಿದೆ, ಆದ್ರೆ ಕನೆಕ್ಟ್ ಆಗ್ತಿಲ್ಲ" ಎನ್ನುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ನನ್ನ ನಾಲಿಗೆ ಒಣಗಿತು. ಅದಕ್ಕೇ ಈಗ ಬರೆದಿಡುತ್ತಿದ್ದೇನೆ. ನಾನು ಯಾವ ವರ್ಷ ಯಾವ ಕುರ್ಚಿಗೆ ಏರಿದೆ ಎಂಬುದನ್ನೆಲ್ಲ ಬಿಟ್ಟಿದ್ದೇನೆ, ಅದರಿಂದ ನಿಮಗೆ ಮೂರು ಕಾಸಿನ ಉಪಯೋಗವಿಲ್ಲ.

ನಾನು ಕುಶಾಲನಗರದ ಕಡೆಯವಳು. ಅಪ್ಪ ಹಾಸನದ ಸೀಮೆಯಿಂದ ಬಂದು ಅಲ್ಲಿ ಜೋಳ, ಶುಂಠಿ ಬೆಳೆದವರು. ಟೈಪಿಂಗ್ ಪಾಸಾಗಿದ್ದೇ ನೆಪವಾಗಿ ದಕ್ಷಿಣ ಕೊಡಗಿಗೆ ಬಂದೆ. ಬಂದ ಹೊಸತರಲ್ಲಿ ನನಗೆ ತಲೆ ಕೆಟ್ಟುಹೋಗಿತ್ತು. ಆಫೀಸಿನಲ್ಲಿ ಕೊಡವ ತಕ್ಕ್, ಕೆಲಸಗಾರರ ಸಾಲುಮನೆಗಳಲ್ಲಿ ತಮಿಳು, ಮಲಯಾಳ, ಎರವರ ಮಾತು, ಲಾರಿಯವರದ್ದು ಉರ್ದು. ಎಲ್ಲರೂ ಒಟ್ಟು ಸೇರಿದಾಗ ಮಾತ್ರ ಕನ್ನಡ, ಅದೂ ಒಬ್ಬೊಬ್ಬರದು ಒಂದೊಂದು ರುಚಿ. "ಏನ್ ಸರೋಜಮ್ಮ, ನಿಮ್ ಮಾತಲ್ಲಿ ಮುದ್ದೆ ವಾಸ್ನೆ ಬರ್ತದೆ" ಎಂದು ಮೊದಲ ದಿನವೇ ಕೆಣಕಿದವರು ರೈಟರ್ ಬೆಳ್ಯಪ್ಪ. ರೈಟರ್ ಎಂದರೆ ಕಥೆ ಬರೆಯುವವರಲ್ಲ, ಹಾಜರಿ ಹಾಕುವವರು, ಹಣ್ಣಿನ ತೂಕ ಬರೆದುಕೊಳ್ಳುವವರು. ಸುಳ್ಯದ ಗಡಿಯ ಅರೆಭಾಷೆಯ ಮನುಷ್ಯ, ಸಣ್ಣ ಆಳು, ದೊಡ್ಡ ಗಂಟಲು. ಅವರ ಗಂಟಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಈ ಬರಹ ಇರುವುದೇ ಅದಕ್ಕೆ.

ಮೊದಲು ನನ್ನದೇ ಒಂದು ಪೇಚಾಟ ಹೇಳಿಬಿಡುತ್ತೇನೆ. ಮ್ಯಾನೇಜರು ಒಮ್ಮೆ ಕಿವಿಗೆ ಸಿಕ್ಕಿಸುವ ವೈರಿಲ್ಲದ ಹೆಡ್‌ಸೆಟ್ ತಂದರು. ಮೀಟಿಂಗಿಗೆ ಬೇಕು, ಆಫೀಸಿನ ಕಂಪ್ಯೂಟರಿಗೆ ಜೋಡಿಸಿಕೊಡಿ ಎಂದರು. ಜೋಡಿಸಿಕೊಟ್ಟೆ. ಮೀಟಿಂಗ್ ಮುಗಿಯಿತು, ನಾವೆಲ್ಲ ಮರೆತೆವು. ಹೆಡ್‌ಸೆಟ್ ಮರೆಯಲಿಲ್ಲ. ಇನ್ನೊಂದು ದಿನ ಅವರು ಪಕ್ಕದ ಕೋಣೆಯಲ್ಲಿ ಅದನ್ನು ಕಿವಿಗಿಟ್ಟುಕೊಂಡು ಎಸ್ಟೇಟಿನ ಮಾಲೀಕರಿಗೆ ಫೋನ್ ಮಾಡಲು ಹೊರಟರೆ, ಅದು ಫೋನನ್ನು ಬಿಟ್ಟು ನನ್ನ ಕಂಪ್ಯೂಟರನ್ನು ಹಿಡಿದುಕೊಂಡಿತು. ಊಟದ ಹೊತ್ತು, ನಾನು ಅಡುಗೆಯ ವೀಡಿಯೊ ಹಾಕಿಕೊಂಡಿದ್ದೆ. ಶಬ್ದವೇ ಬರುತ್ತಿಲ್ಲವಲ್ಲ ಎಂದು ವಾಲ್ಯೂಮ್ ಏರಿಸುತ್ತಲೇ ಹೋದೆ. ಮ್ಯಾನೇಜರು ಕಿವಿ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತರು.

"ಸರೋಜಮ್ಮ, ಒಗ್ಗರಣೆಗೆ ಇಂಗು ಬಿತ್ತು. ಇನ್ನು ಒಲೆ ಆರಿಸಿ" ಎಂದರು.

ಅಂದಿನಿಂದ ಹೊಸಬರಿಗೆಲ್ಲ ನಾನು ಹೇಳುವ ಮೊದಲ ಪಾಠ ಇದೇ. ಪೇರಿಂಗ್ ಎಂದರೆ ನಿಶ್ಚಿತಾರ್ಥ, ಕನೆಕ್ಷನ್ ಎಂದರೆ ಸಂಸಾರ. ಈ ಸಾಧನಗಳು ನಾಲ್ಕು ಕಡೆ ನಿಶ್ಚಯ ಮಾಡಿಕೊಂಡಿರುತ್ತವೆ, ಸಂಸಾರ ಮಾತ್ರ ಒಂದು ಸಲಕ್ಕೆ ಒಬ್ಬರ ಜೊತೆ. ಕನೆಕ್ಟ್ ಆಗದಿದ್ದರೆ ಅದು ಹಾಳಾಗಿದೆ ಎಂದು ಬೈಯಬೇಡಿ, ಪಕ್ಕದಲ್ಲಿ ಯಾರ ಜೊತೆ ಹೋಗಿ ಕೂತಿದೆ ನೋಡಿ. ಕೆಲಸ ಮುಗಿದ ಮೇಲೆ ಬೇಡದ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿ. ಇಷ್ಟನ್ನು ಇಷ್ಟು ಚೆನ್ನಾಗಿ ಹೇಳುವ ನಾನೇ ಇದನ್ನು ಇನ್ನೊಮ್ಮೆ ಮರೆತೆ, ಆ ಕಥೆ ಮುಂದೆ ಇದೆ.

ಈಗ ತಕ್ಕಡಿಯ ವಿಷಯ. ನಮ್ಮಲ್ಲಿ ಪಿಕ್ಕಿಂಗ್ ಕಾಲದಲ್ಲಿ ಸಂಜೆಯ ತೂಕ ಎಂದರೆ ಒಂದು ಕ್ರಮ ಉಂಟು. ಹಣ್ಣು ಕೊಯ್ದವರು ತಮ್ಮ ಚೀಲವನ್ನು ತಕ್ಕಡಿಗೆ ಇಡಬೇಕು. ಬೆಳ್ಯಪ್ಪ ಮುಳ್ಳು ನೋಡಿ, "ನಲವತ್ತೆರಡೂವರೇ!" ಎಂದು ಕಣದ ಆಚೆ ತುದಿಗೆ ಕೇಳುವಂತೆ ಕೂಗಬೇಕು. ಚೀಲದವರು ಅಷ್ಟೇ ಜೋರಾಗಿ "ಬರ್ಕಳಿ!" ಎನ್ನಬೇಕು. ಆಮೇಲೆಯೇ ಪೆನ್ನು ಕಾಗದಕ್ಕೆ ತಾಗುವುದು. ಬರ್ಕಳಿ ಎನ್ನದಿದ್ದರೆ ಆ ತೂಕ ಒಪ್ಪಿಗೆಯಿಲ್ಲ ಎಂದರ್ಥ, ಮತ್ತೆ ತೂಗಬೇಕು. ಯಾವ ಭಾಷೆಯವರಾದರೂ ಆ ಒಂದು ಮಾತು ಮಾತ್ರ ಕನ್ನಡವೇ. ಸಾಲಿನಲ್ಲಿ ನಿಂತವರೆಲ್ಲ ಪ್ರತಿಯೊಂದು ಚೀಲದ ತೂಕವನ್ನೂ ಕೇಳಿಸಿಕೊಳ್ಳುತ್ತಿದ್ದರು. ಯಾರಿಗೂ ಯಾರ ಮೇಲೂ ಗುಮಾನಿ ಬರುತ್ತಿರಲಿಲ್ಲ.

ಅಂಥ ಕಣಕ್ಕೆ ಬ್ಲೂಟೂತ್ ತಕ್ಕಡಿ ಬಂತು. ಚೀಲ ಇಟ್ಟರೆ ತೂಕ ಗಾಳಿಯಲ್ಲೇ ಲ್ಯಾಪ್‌ಟಾಪಿಗೆ ಬಂದು ಬೀಳುತ್ತದೆ, ಬರೆಯುವುದೇ ಬೇಡ. ಮೈಸೂರಿನಿಂದ ಇರ್ಫಾನ್ ಎಂಬ ಟೆಕ್ನೀಷಿಯನ್ ಬಂದು ಸಾಫ್ಟ್‌ವೇರ್ ಹಾಕಿ, ನಾಲ್ಕು ಸೊನ್ನೆಯ ಪಿನ್ ಒತ್ತಿ, ಬೆಳಿಗ್ಗೆಯ ಖಾಲಿ ಕಣದಲ್ಲಿ ಕಲ್ಲು ಇಟ್ಟು ತೋರಿಸಿದ. ಚಕಚಕ ಎಂದು ನಡೆಯಿತು. ಕೋಳಿ ಸಾರು ಉಂಡು ಬಸ್ಸು ಹತ್ತಿದ. ಸಂಜೆ ಜನ ಬಂದು ನೆರೆದರೆ ತಕ್ಕಡಿಗೆ ಮೌನವ್ರತ! ಇದೆ, ಇಲ್ಲ, ಇದೆ, ಇಲ್ಲ. ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ, ಲ್ಯಾಪ್‌ಟಾಪ್ ಆರಿಸಿ ಹಚ್ಚಿದೆ, ಒಂದೂ ನಡೆಯಲಿಲ್ಲ. ಎಲ್ಲರೂ ಬೇಸತ್ತು ಚಹಾಕ್ಕೆ ಹೋದರು. ಆಗ ತಾನಾಗಿ ಕನೆಕ್ಟ್ ಆಯಿತು. ಅವರು ಬಂದರು, ಹೋಯಿತು. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಇರ್ಫಾನನಿಗೆ ಫೋನ್ ಮಾಡಿದೆ. ಆ ಕಡೆ ಹಣೆ ಬಡಿದುಕೊಂಡ ಸದ್ದು ಕೇಳಿಸಿತು.

"ಅಯ್ಯೋ ಮೇಡಂ, ನಂದೇ ತಪ್ಪು. ಖಾಲಿ ಜಾಗದಲ್ಲಿ ಟೆಸ್ಟ್ ಮಾಡ್ಬಿಟ್ಟೆ. ಮನುಷ್ಯರ ಮೈಯೆಲ್ಲಾ ನೀರು, ಹಸಿ ಹಣ್ಣೂ ನೀರೇ. ಈ ಸಿಗ್ನಲ್‌ಗೆ ನೀರು ಅಂದ್ರೆ ಗೋಡೆ ಇದ್ದಂಗೆ. ರಿಸೀವರ್‌ನ ಜನರ ತಲೆ ಮೇಲೆ ಎತ್ತಿ."

ಲ್ಯಾಪ್‌ಟಾಪಿಗೆ ಸಿಕ್ಕಿಸುವ ಹೆಬ್ಬೆರಳಿನಷ್ಟು ರಿಸೀವರಿಗೆ ಉದ್ದ ಕೇಬಲ್ ಹಾಕಿ, ಮೆಣಸು ಕೊಯ್ಯುವ ಬಿದಿರಿನ ಏಣಿಯ ತುದಿಗೆ ಕಟ್ಟಿ, ಗೋಡೆಗೆ ಒರಗಿಸಿದೆವು. ಮಳೆ ಬಂದರೆ ನೆನೆಯದಿರಲಿ ಎಂದು ಮೇಲೆ ಒಂದು ತೆಂಗಿನ ಕರಟ. ಅದು ಇವತ್ತಿಗೂ ಅಲ್ಲೇ ಇದೆ. ಎಸ್ಟೇಟ್ ನೋಡಲು ಬಂದವರು ಅದೇನು ದೃಷ್ಟಿಗೆ ಕಟ್ಟಿದ್ದಾ ಎಂದು ಕೇಳುತ್ತಾರೆ, ನಾವು ಹೌದು ಎಂದುಬಿಡುತ್ತೇವೆ.

ತಕ್ಕಡಿ ಸರಿಹೋಯಿತು. ಈಗ ಮ್ಯಾನೇಜರು, "ತೂಕ ಪರದೆ ಮೇಲೆ ಬರುತ್ತಲ್ಲ, ಇನ್ನು ಕೂಗೋದು ಯಾಕೆ?" ಎಂದರು. ಬೆಳ್ಯಪ್ಪ ಬಾಯಿ ಮುಚ್ಚಿಕೊಂಡು ನಿಂತರು. ಮೊದಲ ಚೀಲ ಮುತ್ತಮ್ಮನದು. ಆಕೆ ಸಾಲುಮನೆಗಳಲ್ಲೇ ಹಿರಿಯಳು, ತಮಿಳು ಮಾತಿನವಳು, ಅವಳು ಎದ್ದರೆ ಎಲ್ಲರೂ ಏಳುತ್ತಾರೆ, ಕೂತರೆ ಎಲ್ಲರೂ ಕೂರುತ್ತಾರೆ. ಅಂದು ತಕ್ಕಡಿಯಿಂದ ಇಳಿಸಿದ ಚೀಲದ ಮೇಲೆಯೇ ಕೂತುಬಿಟ್ಟಳು.

"ಹಿಂದೆ ನಿಂತಿರೋರಿಗೆ ಆ ಪೆಟ್ಟಿ ಕಾಣ್ಸುತ್ತಾ ಸಾಮಿ? ಕೂಗ್ದೆ ಇರೋ ತೂಕ ತೂಕ ಅಲ್ಲ" ಎಂದಳು.

ಮ್ಯಾನೇಜರು ಒಳ್ಳೆಯವರು, ಹಟ ಸಾಧಿಸಲಿಲ್ಲ. ಕೂಗು ಮತ್ತೆ ಶುರುವಾಯಿತು. ತಕ್ಕಡಿ ಲೆಕ್ಕ ಇಡಲಿ, ಬೆಳ್ಯಪ್ಪ ಕೂಗಲಿ ಎಂದು ತೀರ್ಮಾನವಾಯಿತು. ಹಾಗಾಗಿ ಆ ಯಂತ್ರ ಬಂದ ಮೇಲೆ ಬೆಳ್ಯಪ್ಪನವರಿಗೆ ಉಳಿದದ್ದು ಅವರ ಕೂಗು ಒಂದೇ.

ಅದೇ ಕೂಗು ಕೈಕೊಟ್ಟಿತು. ಮೊದಲು ಸ್ವಲ್ಪ ಒರಟಾಯಿತು. ಧೂಳು ಎಂದರು, ಬಿಸಿನೀರು ಕುಡಿದರು, ಕಾಳುಮೆಣಸಿನ ಕಷಾಯ ಕುಡಿದರು. ಆಮೇಲೆ ನಡುವೆ ನಡುವೆ ಮುರಿಯತೊಡಗಿತು. ಮೈಸೂರಿನ ಡಾಕ್ಟರು ನೋಡಿ, ಗಂಟಲಿನಲ್ಲಿ ಗಂಟು ಇದೆ, ಕೊಯ್ದು ತೆಗೆಯಬೇಕು, ಜೀವಕ್ಕೆ ಭಯವಿಲ್ಲ, ಆದರೆ ಇನ್ನು ಕೂಗುವುದನ್ನು ಮರೆತುಬಿಡಿ ಎಂದರಂತೆ. ಮ್ಯಾನೇಜರು ಮರುಕದಿಂದಲೇ ಹೇಳಿದರು, "ಗೇಟಿನಲ್ಲಿ ಕೂತ್ಕೊಳ್ಳಿ ಬೆಳ್ಯಪ್ಪ. ಸಂಬಳ ಅಷ್ಟೇ ಇರುತ್ತೆ. ಕಣಕ್ಕೆ ಬೇರೆಯವರನ್ನ ನೋಡ್ತೀನಿ."

ಅಂದು ಮಧ್ಯಾಹ್ನ ಬೆಳ್ಯಪ್ಪ ನನ್ನ ಮೇಜಿನ ಮುಂದೆ ಬಂದು ಕೂತರು. ಯಾವಾಗಲೂ ಏನಾದರೊಂದು ಕುಟುಕಿಕೊಂಡೇ ಬರುವ ಮನುಷ್ಯ, ಅಂದು ಕಿಟಕಿಯಾಚೆ ಗೇಟಿನ ಕಡೆ ನೋಡಿದರು.

"ಎಂಥ ಮಾಡ್ದು ಸರೋಜಮ್ಮ?" ಎಂದರು. "ಗೇಟಿನಲ್ಲಿ ಕೂತ್ರೆ ಲಾರಿ ಬರ್ತದೆ, ಹೋಗ್ತದೆ. ಲಾರಿ ಬರ್ಕಳಿ ಅಂತದಾ?"

ನಾನು ಬಂದ ಹೊಸತರಲ್ಲಿ ಅಷ್ಟು ಭಾಷೆಗಳ ನಡುವೆ ಕಣ್ಣು ಕಣ್ಣು ಬಿಡುವಾಗ ಕಣದಲ್ಲಿ ಪಕ್ಕಕ್ಕೆ ನಿಲ್ಲಿಸಿಕೊಂಡು, ಯಾರು ಯಾರ ಮಗಳು, ಯಾರಿಗೆ ಯಾರ ಮೇಲೆ ಮುನಿಸು ಎಂದು ಕಲಿಸಿದವರು ಅವರು. ಅವರಿಲ್ಲದ ಕಣವನ್ನು ನನಗೆ ಯೋಚಿಸಲು ಆಗಲಿಲ್ಲ. ತಕ್ಕಡಿಯ ಮಾತನ್ನು ಲ್ಯಾಪ್‌ಟಾಪಿಗೆ ತರಬಹುದಾದರೆ, ಲ್ಯಾಪ್‌ಟಾಪಿನ ಮಾತನ್ನು ಒಂದು ಸ್ಪೀಕರಿಗೆ ಕಳಿಸಲು ಏನು ಕಷ್ಟ? ಇರ್ಫಾನನನ್ನು ಕೇಳಿದೆ. "ಆಗುತ್ತೆ ಮೇಡಂ, ತೂಕ ಬಿದ್ದ ತಕ್ಷಣ ಅದೇ ಓದುತ್ತೆ" ಎಂದ. ಕಂಪ್ಯೂಟರಿನದೇ ಒಂದು ಹೆಣ್ಣು ದನಿ ಹಾಕಿಕೊಟ್ಟ. ಕಣದಲ್ಲಿ ಕೇಳಿಸಿದೆವು. ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ತಡ ಎಂದು ಹೇಳುವ ಹಾಗಿತ್ತು. ಜನರೆಲ್ಲ ಮುಖ ಮುಖ ನೋಡಿಕೊಂಡರು.

"ಯಾರಿವಳು? ನಮ್ ಹಣ್ಣು ನೋಡಿದ್ದಾಳಾ?" ಎಂದಳು ಮುತ್ತಮ್ಮ. ಒಬ್ಬರೂ ಬರ್ಕಳಿ ಎನ್ನಲಿಲ್ಲ.

ಆಗ ಹೊಳೆಯಿತು, ಬೆಳ್ಯಪ್ಪನವರದೇ ದನಿ ರೆಕಾರ್ಡ್ ಮಾಡಿಟ್ಟರೆ? ಬೆಳ್ಯಪ್ಪನವರ ಆಪರೇಷನ್ನಿಗೆ ಇನ್ನೂ ಕೆಲವು ದಿನ ಇತ್ತು. ಗಂಟಲು ಮುರಿದಿತ್ತು, ಪೂರ್ತಿ ಹೋಗಿರಲಿಲ್ಲ. ಡಾಕ್ಟರನ್ನು ಫೋನಿನಲ್ಲಿ ಕಾಡಿದೆ. ದಿನಕ್ಕೆ ಸ್ವಲ್ಪ ಸ್ವಲ್ಪ, ಕೂಗದೆ ಹೇಳಿದರೆ ಅಡ್ಡಿಯಿಲ್ಲ, ದನಿಯನ್ನು ನಿಮ್ಮ ಕಂಪ್ಯೂಟರಲ್ಲೇ ದೊಡ್ಡದು ಮಾಡಿಕೊಳ್ಳಿ ಎಂದರು. ಆಫೀಸಿನ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬೆಳಿಗ್ಗೆ ಗಂಟಲು ತಿಳಿಯಾಗಿರುವ ಹೊತ್ತಿನಲ್ಲಿ ಅವರನ್ನು ಮೈಕಿನ ಮುಂದೆ ಕೂರಿಸಿದೆ. ನಮ್ಮ ಕನ್ನಡದ ಅಂಕಿಗಳು ಸುಲಭಕ್ಕೆ ಬಗ್ಗುವವಲ್ಲ. ಮೂವತ್ತು, ಎಂಟು ಎಂದು ಬೇರೆ ಬೇರೆ ಹೇಳಿಸಿ ಅಂಟಿಸಿದರೆ ಮೂವತ್ತೆಂಟು ಆಗುವುದಿಲ್ಲ, ಒಂದೊಂದನ್ನೂ ಪೂರ್ತಿ ಹೇಳಿಸಬೇಕು, ಅದರ ಮೇಲೆ ಒಂದೊಂದನ್ನೂ ಅರೆ ಸೇರಿಸಿ ಇನ್ನೊಮ್ಮೆ.

"ಕಣದಲ್ಲಿ ನಿಂತ ಹಾಗೆ ಹೇಳಿ, ಆದ್ರೆ ಕೂಗ್ಬೇಡಿ" ಎಂದೆ.

"ಈಜು, ಆದ್ರೆ ನೆನೀಬೇಡ ಅಂದ ಹಾಗೆ ಆಯ್ತು" ಎಂದರು. ಅಷ್ಟರಲ್ಲಿ ಕೆಮ್ಮು.

ಕೆಲವು ದಿನ ಹತ್ತು ಅಂಕಿಗೇ ದನಿ ಸೋತುಹೋಗುತ್ತಿತ್ತು. ನಿಲ್ಲಿಸಿ ಎಂದರೆ, "ಇನ್ನೊಂದು, ಇನ್ನೊಂದು" ಎಂದು ಬೆರಳು ತೋರಿಸುತ್ತಿದ್ದರು. ಐವತ್ತು ದಾಟಿದ ಮೇಲೆ ನನಗೇ ಕೇಳಲಾಗಲಿಲ್ಲ. "ಎಷ್ಟರವರೆಗೆ ಬೇಕು?" ಎಂದರು. ಅರವತ್ತಕ್ಕಿಂತ ಹೆಚ್ಚಿನ ಚೀಲ ನಮ್ಮಲ್ಲಿ ಯಾರೂ ಕಟ್ಟುವುದಿಲ್ಲ, ಹೊರುವ ಬೆನ್ನು ಕೇಳಬೇಕಲ್ಲ. "ಅರವತ್ತರವರೆಗೆ ಸಾಕು" ಎಂದೆ. ಕೊನೆಯ ಅಂಕಿ ಹೇಳಿ ಮುಗಿಸಿ ಅವರು ನೀರು ಕುಡಿದರು, ನಾನು ಹೊರಗೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ.

ಈಗ ನಾನು ಮರೆತ ಪಾಠದ ಕಥೆ. ಬೆಳ್ಯಪ್ಪ ಮೈಸೂರಿಗೆ ಹೋಗಿದ್ದರು. ಅತ್ತ ಅವರಿಗೆ ಆಪರೇಷನ್ ನಡೆಯುವ ಹೊತ್ತಿಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ, ಲ್ಯಾಪ್‌ಟಾಪ್ ತೆಗೆದುಕೊಂಡು ಕಣದಲ್ಲಿ ದನಿಯ ಪರೀಕ್ಷೆಗೆ ಕೂತೆ. ಒತ್ತಿದೆ, ಶಬ್ದವಿಲ್ಲ. ಮತ್ತೆ ಒತ್ತಿದೆ. ವಾಲ್ಯೂಮ್ ಏರಿಸಿದೆ. ನೋಡನೋಡುತ್ತ ಕಣದ ಪಕ್ಕದ ಸಾಲುಮನೆಯಿಂದ ಹೆಂಗಸರು ಕಿರುಚಿಕೊಂಡು ಓಡಿಬಂದರು. ಸ್ವಾತಂತ್ರ್ಯ ದಿನದ ಹಾಡಿಗೆಂದು ನಾನೇ ಹಿಂದೆ ಇದೇ ಲ್ಯಾಪ್‌ಟಾಪಿಗೆ ಜೋಡಿಸಿದ್ದ ಒಂದು ಸ್ಪೀಕರ್ ಆ ಮನೆಯಲ್ಲಿತ್ತು. ಅಲ್ಲಿ ಅವರು ರೈಟರಿಗೆ ಒಳ್ಳೆಯದಾಗಲಿ ಎಂದು ಮಾರಿಯಮ್ಮನ ಪಟದ ಮುಂದೆ ದೀಪ ಹಚ್ಚುತ್ತಿದ್ದರಂತೆ. ಪಟದ ಹಿಂದಿನಿಂದ ರೈಟರೇ "ಮೂವತ್ತೊಂಬತ್ತೂ!" ಎಂದು ಗುಡುಗಿದರೆ ಯಾರು ತಾನೇ ನಿಲ್ಲುತ್ತಾರೆ?

"ಆಫೀಸಕ್ಕಾ, ಬೆಳ್ಯಪ್ಪಯ್ಯ ಹೋಗ್ಬಿಟ್ರಾ?" ಎಂದು ಮುತ್ತಮ್ಮ ನನ್ನ ತೋಳು ಹಿಡಿದು ಅತ್ತಳು.

ಅವರ ಮನೆಯವರಿಗೆ ಫೋನ್ ಮಾಡಿ, ಆಪರೇಷನ್ ಸುಸೂತ್ರವಾಯಿತು ಎಂದು ಎಲ್ಲರಿಗೂ ಕೇಳಿಸಿದ ಮೇಲೆಯೇ ನನ್ನ ತೋಳು ಬಿಟ್ಟಳು. ಆಮೇಲೆ ವಿಷಯ ತಿಳಿದು ಅವಳು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಆ ಸ್ಪೀಕರಿನ ಹೆಸರನ್ನು ಪಟ್ಟಿಯಿಂದ ಅಲ್ಲಿಯೇ ನಿಂತು ತೆಗೆದೆ. ಕಣದ ಸ್ಪೀಕರಿಗೆ 'ರೈಟರ್' ಎಂದೇ ಹೆಸರಿಟ್ಟೆ.

ಬೆಳ್ಯಪ್ಪ ಕತ್ತಿಗೆ ಟವೆಲ್ ಸುತ್ತಿಕೊಂಡು ಬಂದಾಗ ಪಿಕ್ಕಿಂಗ್ ಇನ್ನೂ ಮುಗಿದಿರಲಿಲ್ಲ. ಮಾತು ಬರುತ್ತಿತ್ತು, ಆದರೆ ಬರಿಯ ಉಸಿರು, ಪಕ್ಕದಲ್ಲಿದ್ದವರಿಗೆ ಮಾತ್ರ ಕೇಳುವಷ್ಟು. ಮ್ಯಾನೇಜರು ನನ್ನ ಕಡೆ ನೋಡಿ, "ಇವತ್ತೊಂದು ದಿನ ನೋಡೋಣ. ಜನ ಒಪ್ಪದಿದ್ರೆ ಗೇಟು" ಎಂದರು. ಬೆಳ್ಯಪ್ಪ ತಕ್ಕಡಿಯ ಪಕ್ಕ ತಮ್ಮ ಹಳೆಯ ಜಾಗದಲ್ಲೇ ನಿಂತರು. ಮುತ್ತಮ್ಮ ಚೀಲ ಇಟ್ಟಳು. ಅವರು ಪರದೆ ನೋಡಿ, ಸರಿಯಿದೆ ಎಂದು ಕೀಲಿ ಒತ್ತಿದರು.

"ನಲವತ್ತಾರೂವರೇ!"

ಹಳೆಯ ಗಂಟಲು, ಅದೇ ಕೊನೆಯ ಎಳೆತ. ಕಣವೆಲ್ಲ ತುಂಬಿ, ಒಣಗಲು ಹಾಕಿದ ಹಣ್ಣಿನ ಮೇಲೆ ಹಾದು, ಆಚೆ ಸಿಲ್ವರ್ ಓಕ್ ಮರಗಳ ತನಕ ಹೋಯಿತು. ಮುತ್ತಮ್ಮ ಸ್ಪೀಕರನ್ನು ನೋಡಲಿಲ್ಲ. ಬೆಳ್ಯಪ್ಪನವರ ಮುಖವನ್ನೇ ನೋಡಿದಳು. ಅವರು ಹೌದು ಎಂದು ತಲೆ ಆಡಿಸಿದರು.

"ಬರ್ಕಳೀ!" ಎಂದಳು. ಅಷ್ಟು ಜೋರಾಗಿ ಅವಳು ಹಿಂದೆಂದೂ ಹೇಳಿದ್ದನ್ನು ನಾನು ಕೇಳಿಲ್ಲ. ಮ್ಯಾನೇಜರು ಟೋಪಿ ಹಾಕಿಕೊಂಡು ಆಫೀಸಿಗೆ ಹೋದರು, ಗೇಟಿನ ಮಾತು ಮತ್ತೆ ಬರಲಿಲ್ಲ.

ಆಮೇಲೆ ಎಷ್ಟೋ ಸಾಫ್ಟ್‌ವೇರ್ ಬದಲಾದವು, ಲ್ಯಾಪ್‌ಟಾಪ್ ಬದಲಾಯಿತು, ಸ್ಪೀಕರಿಗೆ ಹೊಸ ಬ್ಯಾಟರಿ ಬಂತು. ಪ್ರತಿ ಸಲವೂ ನಾನು ಮೊದಲು ಜೋಪಾನ ಮಾಡಿದ್ದು ಆ ದನಿಯನ್ನು. ಬೆಳ್ಯಪ್ಪನವರ ನಿಜವಾದ ಗಂಟಲೂ ನಿಧಾನಕ್ಕೆ ಸ್ವಲ್ಪ ತೇವ ಹಿಡಿಯಿತು, ಕೆಣಕಲು ಸಾಕಾಗುವಷ್ಟು. ಆದರೆ ಕಣದಲ್ಲಿ ಜನರ ಮುಂದೆ ಮಾತ್ರ ಅವರು ಬಾಯಿ ತೆರೆಯುತ್ತಿರಲಿಲ್ಲ. "ನಂದು ದನಿ ಅಲ್ಲಿ ಉಂಟಲ್ಲಾ" ಎಂದು ಸ್ಪೀಕರ್ ತೋರಿಸುತ್ತಿದ್ದರು. ಈ ಹರಕು ದನಿ ಕೇಳಿದರೆ ಜನ ಕನಿಕರ ಪಡುತ್ತಾರೆ, ಅದು ಬೇಡ ಎಂದು ನನ್ನ ಹತ್ತಿರ ಒಮ್ಮೆ ಹೇಳಿದ್ದರು.

ನನ್ನ ಕೊನೆಯ ದಿನವೂ ಪಿಕ್ಕಿಂಗ್ ಕಾಲದಲ್ಲೇ ಬಂತು. ಆಫೀಸಿನಲ್ಲಿ ಹಾರ, ಶಾಲು, ಫೋಟೋ ಎಲ್ಲ ಮುಗಿಸಿ, ಹೇಳಿಬರೋಣ ಎಂದು ಕಣಕ್ಕೆ ಹೋದೆ. ತೂಕ ಮುಗಿಯುವ ಹೊತ್ತು. ಮುತ್ತಮ್ಮ ಬಂದು ನನ್ನ ಕೈ ಹಿಡಿದಳು.

"ಇಷ್ಟ್ ವರ್ಷ ನಮ್ ಚೀಲ ತೂಗಿಸ್ದೆ. ಇವತ್ತು ನೀನು ಹತ್ತು."

"ಅಯ್ಯೋ ಬ್ಯಾಡ ಕಣೇ, ಮಾನ ಹೋಗುತ್ತೆ!" ಎಂದೆ. ಯಾರು ಕೇಳುತ್ತಾರೆ? ಹಾರ, ಶಾಲು ಸಮೇತ ಎಳೆದು ಹತ್ತಿಸಿದರು. ಎಪ್ಪತ್ತೊಂದೂವರೆ ಎಂದು ಅಂಕಿ ನಿಂತಿತು. ಬೆಳ್ಯಪ್ಪ ನಗುತ್ತ ಕೀಲಿ ಒತ್ತಿದರು.

ಶಬ್ದವಿಲ್ಲ.

ಅಭ್ಯಾಸಬಲ, ನಾನು ತಕ್ಕಡಿಯ ಮೇಲಿಂದಲೇ ರಿಸೀವರ್ ನೋಡಿದೆ, ಸ್ಪೀಕರಿನ ನೀಲಿ ದೀಪ ನೋಡಿದೆ. ಎಲ್ಲ ಸರಿಯಿತ್ತು. ಅವರು ಇನ್ನೊಮ್ಮೆ ಒತ್ತಿದರು. ಆಗ ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಅರವತ್ತರವರೆಗೆ ಸಾಕು ಎಂದವಳು ನಾನೇ.

"ಏನಾಯ್ತು? ಎಷ್ಟು?" ಎಂದು ಹಿಂದಿನವರು ಕೇಳಿದರು. ನಾನು ಇಳಿಯಲು ಕಾಲು ತೆಗೆದೆ. ಇಳಿಯಬೇಡಿ ಎಂದು ಬೆಳ್ಯಪ್ಪ ಕೈ ಎತ್ತಿದರು. ಕತ್ತಿನ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಜನರ ಕಡೆ ತಿರುಗಿದರು. ಕಣದಲ್ಲಿ ಚೀಲ ಎಳೆಯುವವರೂ ನಿಂತುಬಿಟ್ಟರು.

"ಎಪ್ಪತ್ತೊಂದೂವರೆ" ಎಂದರು.

ಒಣಗಿದ ಎಲೆ ಸರಿದಷ್ಟು ಸದ್ದು. ಮುಂದಿನ ಸಾಲಿಗೆ ಮಾತ್ರ ಕೇಳಿಸಿತು. ಮುಂದಿನವರು ಅದನ್ನು ಹಿಂದಿನವರಿಗೆ ಹೇಳಿದರು, ಅವರು ಅವರ ಹಿಂದಿನವರಿಗೆ. ಎಪ್ಪತ್ತೊಂದೂವರೆ, ಎಪ್ಪತ್ತೊಂದೂವರೆ ಎಂದು ಎಲ್ಲ ಭಾಷೆಯವರ ಬಾಯಲ್ಲೂ ಹಾದು ನನ್ನ ತೂಕ ಕಣದ ಆಚೆ ತುದಿ ಮುಟ್ಟಿತು. ಆಮೇಲೆ ಎಲ್ಲರೂ ನನ್ನನ್ನೇ ನೋಡುತ್ತ ಕಾದರು. ಬೆಳ್ಯಪ್ಪ ಹಿಂದಿನ ಹಾಗೆ ಪೆನ್ನು ಹಿಡಿದು ನಿಂತಿದ್ದರು, ಕಣ್ಣು ತುಂಬಿತ್ತು, ನನ್ನದೂ ತುಂಬಿತ್ತು.

"ಬರ್ಕಳಿ" ಎಂದೆ.

"ಕೇಳ್ಸಿಲ್ಲಾ!" ಎಂದರು ಹಿಂದಿನವರು.

ಶಾಲು ಸರಿಸಿ, ಎದೆ ತುಂಬ ಉಸಿರು ಎಳೆದುಕೊಂಡು, ಸಿಲ್ವರ್ ಓಕ್ ಮರಗಳಿಗೆ ಕೇಳುವ ಹಾಗೆ ಇನ್ನೊಮ್ಮೆ ಕೂಗಿದೆ.